ಡಬ್ಬಿ ಕುಲುಕೋದು ಮರೀಬೇಡಿ

ರೀ,

ಲೋಡು ಬಂತು, ಲಾರಿ ತಗೊಂಡು ಹೊರಟೆ. ಮಧ್ಯಾಹ್ನ ನಿಮ್ಮಕ್ಕ ಊಟಕ್ಕೆ ಬರ್ತಾರೆ ಅಂತ ನಾನು ಕೆಲಸ ಬಿಡಲ್ಲ.

ಅನ್ನ ಮಾಡೋಕೆ ನಿಮಗೆ ಬರುತ್ತೆ, ಬರಲ್ಲ ಅಂತ ನಾಟಕ ಬೇಡ.

ಸ್ಟೀಲ್ ಡಬ್ಬಿಯಲ್ಲಿ ಸೌತೆಕಾಯಿ, ನಿಂಬೆರಸ, ಉಪ್ಪು ಇದೆ. ನಿಮ್ಮ ಹೊಟ್ಟೆಗೆ ಆಗಲ್ಲ ಅಂತ ಹಸಿಮೆಣಸು ಕಡಿಮೆ ಹಾಕಿದ್ದೀನಿ. ಇದು ಚೆಕ್‌ಪೋಸ್ಟಿನಲ್ಲಿ ಸಿಕ್ಕಿದ ಡ್ರೈವರ್ ಒಬ್ಬ ಕಲಿಸಿಕೊಟ್ಟಿದ್ದು. ಡಬ್ಬಿಯನ್ನ ಲಾರಿ ಸೀಟಿನ ಹಿಂದೆ ನೇತುಹಾಕಿದರೆ ಗುಂಡಿ ರಸ್ತೆಯೇ ಕುಲುಕಿ ಕುಲುಕಿ ಹದ ಮಾಡುತ್ತೆ. ಮನೆಯಲ್ಲಿ ಕೈಯಿಂದಲೇ ಕುಲುಕಬೇಕು. ಮುಚ್ಚಳ ಬಿಗಿಯಾಗಿ ಹಿಡ್ಕೊಳ್ಳಿ, ಹೋದ ಸಲದ ಹಾಗೆ ಗೋಡೆಗೆ ಉಣಿಸಬೇಡಿ.

"ಹೆಂಡತಿ ಲಾರಿ ಹತ್ತಿದರೆ ನಿನ್ನ ಊಟದ ಗತಿ ಏನಪ್ಪಾ?" ಅಂತ ಅಕ್ಕ ಶುರು ಹಚ್ಚಿಕೊಂಡರೆ, ಡಬ್ಬಿ ಅವರ ಕೈಗೇ ಕೊಡಿ. ಗುಂಡಿ ರಸ್ತೆಯ ಬದಲು ಅವರೇ ಕುಲುಕಲಿ. ನಾನಂತೂ ಲಾರಿ ಇಳಿಯಲ್ಲ.