ಊಟವಿಲ್ಲದೆ ಮಲಗಿದ ಆನೆ

ರೀ,

ಎರಡನೇ ಪಾಳಿಗೆ ಹೊರಟಿದ್ದೇನೆ. ಅಡುಗೆ ಮುಚ್ಚಿಟ್ಟಿದ್ದೇನೆ. ಹಾಲು ಆರಿದ ಮೇಲೆ ಫ್ರಿಜ್ಜಿನಲ್ಲಿಡಿ, ನಿನ್ನೆಯಂತೆ ಒಲೆಯ ಮೇಲೇ ಮರೆಯಬೇಡಿ. ಮಗಳ ಯೂನಿಫಾರ್ಮ್ ಇನ್ನೂ ಹಗ್ಗದ ಮೇಲಿದೆ.

ಮುಖ್ಯವಾದದ್ದು: ಇವತ್ತು ಕಥೆ ಓದಿ ಹೇಳುವಾಗ ಪುಟ ಹಾರಿಸಬೇಡಿ. ಬೆಳಿಗ್ಗೆ ಜಡೆ ಹಾಕುವಾಗ ದೂರು ಬಂತು. "ಅಮ್ಮಾ, ಅಪ್ಪ ನಿನ್ನೆ ಆನೆಗೆ ಊಟಾನೇ ಹಾಕದೆ ಮಲಗಿಸಿಬಿಟ್ರು!" ನಿನಗೆ ಹೇಗೇ ಗೊತ್ತು ಎಂದೆ. "ಚಿತ್ರ ನೋಡ್ದೆ" ಎಂದಳು. ನೀವು ಹಾರಿಸಿದ ಆ ಪುಟದಲ್ಲಿ ಚಿತ್ರವೇ ಇಲ್ಲ ಕಣ್ರೀ.

ಅಂದರೆ ನಮ್ಮ ಚಿನಕುರಳಿಗೆ ಓದಲು ಬಂದಿದೆ, ಬಾಯಿ ಬಿಡುತ್ತಿಲ್ಲ. "ಓದೋಕೆ ಬಂದ್ಮೇಲೆ ನೀನೇ ಓದ್ಕೋ, ಅಪ್ಪಂಗೆ ರಜಾ" ಎಂದು ಹೆದರಿಸಿದವರು ನೀವೇ ತಾನೇ? ಈಗ ನೀವೂ ಏನೂ ಗೊತ್ತಿಲ್ಲದವರಂತೆ ಓದುತ್ತಾ ಇರಿ.

ನಾನೂ ಇದೇ ನಾಟಕ ಆಡಿದವಳು. ನಾನು ಏಳನೇ ಕ್ಲಾಸಿಗೆ ಬರುವವರೆಗೂ ನಮ್ಮಪ್ಪ ಕಥೆ ಓದಿ ಹೇಳಿದರು. ನನಗೆ ಓದಲು ಬರುತ್ತದೆಂದು ಅವರಿಗೆ ನಾನು ಎರಡನೇ ಕ್ಲಾಸಿನಲ್ಲಿದ್ದಾಗಲೇ ಗೊತ್ತಾಗಿತ್ತಂತೆ. ಆಸ್ಪತ್ರೆಯ ವಾರ್ಡಿಗೂ ಪುಸ್ತಕ ಹೊತ್ತುಕೊಂಡು ಹೋಗುತ್ತೀಯ ಎಂದು ನನ್ನನ್ನು ರೇಗಿಸುತ್ತೀರಲ್ಲ, ಅದು ಅವರು ಹತ್ತಿಸಿದ ಹುಚ್ಚು.

ಇವತ್ತು ಮೊದಲು ಆನೆಯ ಊಟವಾಗಲಿ. ನಿಮ್ಮದು ಆಮೇಲೆ.