ನೆಲಕ್ಕೆರಡು ಏಟು

ಅಡುಗೆಮನೆಯ ಮೇಜು,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ,
ಗೋಲಿ ನಿದ್ದೆಹೋದ ಮೇಲೆ

ಪ್ರೀತಿಯ ಅಮ್ಮಣ್ಣೀ,

ಹೇಗಿದ್ದೀಯಮ್ಮ? ಮೊದಲು ನಿನ್ನ ಕೆಮ್ಮಿನ ವಿಷಯ ಹೇಳು. ಕಾಲಿನ ಅಚ್ಚು ತೆಗೆಯುವ ಕೋಣೆಯಲ್ಲಿ ಪ್ಲಾಸ್ಟರ್ ಪುಡಿ ಹಾರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಗಂಟಲು ಕೆರೆಯುತ್ತದೆ ಎಂದು ಹೋದ ತಿಂಗಳು ನೀನು ಬರೆದಿದ್ದೆ. ಕಿಟಕಿ ತೆರೆಸು ಎಂದು ನಾನು ಬರೆದೆ. ತೆರೆಸಿದೆಯೋ, ಇಲ್ಲಾ ನಿನ್ನ ಸ್ವಭಾವದಂತೆ ಯಾರಿಗೂ ತೊಂದರೆಯಾಗದ ಹಾಗೆ ಮೂಲೆ ಸೇರಿ ಕೆಮ್ಮುತ್ತಿದ್ದೀಯೋ? ಕಾಲಿಲ್ಲದವರಿಗೆ ಕಾಲು ಮಾಡುವುದನ್ನು ಕಲಿಸುವ ಸಂಸ್ಥೆ, ಕಲಿಯುವವರಿಗೆ ಶ್ವಾಸಕೋಶವೂ ಇರುತ್ತದೆ ಎಂಬುದನ್ನು ಮರೆತರೆ ಹೇಗೆ? ಅವರ ವಿಳಾಸ ಕಳಿಸು, ನಾನೇ ಒಂದು ಕಾಗದ ಬರೆಯುತ್ತೇನೆ. ಬೇಡ ಅನ್ನುತ್ತೀ, ಗೊತ್ತು.

ಅಕ್ಷರ ನೋಡಿ ನಗಬೇಡ. ಟೈಪ್ ಮಾಡೋಣವೆಂದರೆ ಮೆಷಿನ್ನಿನ ಸದ್ದಿಗೆ ಗೋಲಿ ಏಳುತ್ತಾಳೆ. ಕೋರ್ಟಿನಲ್ಲಿ ಜೀವಮಾನವೆಲ್ಲ ಪರರ ತೀರ್ಪುಗಳನ್ನು ಟೈಪ್ ಮಾಡಿದ ಬೆರಳುಗಳಿವು. ಪೆನ್ನು ಹಿಡಿದರೆ ಕೋಳಿ ಕೆದರಿದ ಹಾಗೆ ಬರೆಯುತ್ತವೆ. ಫೋನಿನಲ್ಲಿ ಹೇಳಬಹುದಿತ್ತು ನಿಜ. ಆದರೆ ಫೋನಿನಲ್ಲಿ ನೀನೂ ನಿನ್ನಮ್ಮನೂ ಸರದಿಯ ಮೇಲೆ ಅಳುತ್ತೀರಿ, ನನ್ನ ಪಾಲಿಗೆ ‘ಊಟ ಆಯ್ತಾಪ್ಪಾ? ಸರಿ, ಇಡ್ತೀನಿ’ ಅಷ್ಟೇ ಉಳಿಯುತ್ತದೆ. ಮೊನ್ನೆ ನೀನು ಅವಳಿಗೆ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ‘ಎಲ್ಲಾ ನನ್ನದೇ ತಪ್ಪಮ್ಮಾ. ಅಷ್ಟು ಚಿಕ್ಕ ಮಗೂನ ಬಿಟ್ಟು ಬಂದೋಳಿಗೆ ಇನ್ನೇನಾಗ್ಬೇಕು? ತಿಂಗಳ ಕೊನೆಗೆ ಕೋರ್ಸು ಬಿಟ್ಟು ಬಂದ್ಬಿಡ್ತೀನಿ.’ ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಾಕ್ಷಿ, ಆಮೇಲೆ ತೀರ್ಪು. ನನಗೆ ಅಭ್ಯಾಸವಾಗಿರುವ ಕ್ರಮ ಅದು.

ನಿನ್ನ ಮಗಳು ಗೋಲಿ ಚೆನ್ನಾಗಿದ್ದಾಳೆ. ತುಟಿಯ ಗಾಯ ಒಣಗಿ ಸಣ್ಣ ಹಕ್ಕಳೆಯಾಗಿದೆ, ಅದನ್ನು ಕನ್ನಡಿಯಲ್ಲಿ ನೋಡಿಕೊಂಡು ಬೀಗುತ್ತಾಳೆ. ತಿನ್ನುವುದರಲ್ಲಿ ಕೊರತೆಯಿಲ್ಲ, ಬಾಯಿಗೆ ಹೋದದ್ದಕ್ಕಿಂತ ನನ್ನ ಅಂಗಿಗೆ ಬಂದದ್ದು ಹೆಚ್ಚು ಅಷ್ಟೇ. ನಡೆಯುವುದೆಂಬುದೇ ಇಲ್ಲ, ಓಟವೇ. ಹೆಸರಿಟ್ಟವನು ನಾನೇ ಆದ್ದರಿಂದ ಉರುಳುತ್ತಾಳೆ ಎಂದು ದೂರುವ ಹಾಗಿಲ್ಲ.

ಆದರೆ ನೀನು ಹೋದಾಗಿನಿಂದ ಈ ಮನೆಯಲ್ಲಿ ನಡೆದ ಶೀತಲ ಸಮರ ನಿನಗೆ ಪೂರ್ತಿ ತಿಳಿದಿಲ್ಲ. ನಿನ್ನ ಗಂಡ ಇದ್ದಾಗ ಎರಡು ಭಾಷೆಗಳ ನಡುವೆ ಒಂದು ಸೇತುವೆ ಇರುತ್ತದೆ. ಆ ಪುಣ್ಯಾತ್ಮ ರೈಲು ಓಡಿಸಿಕೊಂಡು ಹೋದನೆಂದರೆ ಈ ದಡದಲ್ಲಿ ನಿನ್ನಮ್ಮ, ಆ ದಡದಲ್ಲಿ ಮೊಮ್ಮಗಳನ್ನು ನೋಡಿಕೊಳ್ಳಲೆಂದು ಬಂದಿರುವ ನಿಮ್ಮತ್ತೆ, ನಡುವೆ ಈಜು ಬಾರದ ನಾನು. ಬೀಗಿತ್ತಿಯವರಿಗೆ ನಮ್ಮ ಮಾತು ಬಾರದು, ನಮಗೆ ಅವರದು ಬಾರದು. ಜಗಳಕ್ಕೆ ಭಾಷೆ ಬೇಕು ಎಂದುಕೊಂಡಿದ್ದೆ, ಎಂಥ ದಡ್ಡ ನಾನು! ನಿನ್ನಮ್ಮ ಮಗುವಿಗೆ ಟೋಪಿ ಹಾಕುತ್ತಾಳೆ. ಆಕೆ ನಗುನಗುತ್ತಲೇ ಬಂದು ತೆಗೆಯುತ್ತಾರೆ. ಆಕೆ ಕಿಟಕಿ ತೆರೆಯುತ್ತಾರೆ. ಇವಳು ಗಾಳಿಗೆ ಮುಖ ಸಿಂಡರಿಸಿ ಮುಚ್ಚುತ್ತಾಳೆ. ಇವಳು ಮಗುವಿನ ಬೆನ್ನು ತಟ್ಟಿ ಮಲಗಿಸಿದರೆ ಆಕೆ ಹಣೆ ಸವರಿ ಮಲಗಿಸಬೇಕು. ಇಬ್ಬರೂ ಸೇರಿ ತಟ್ಟಿ ಸವರಿ ಅದರ ನಿದ್ದೆಯನ್ನೇ ಓಡಿಸಿದ ಸಂಜೆಗಳುಂಟು. ‘ಅವರಿಗೆ ಸ್ವಲ್ಪ ಹೇಳ್ರೀ’ ಎಂದು ನಿನ್ನಮ್ಮ ನನ್ನನ್ನು ತಿವಿಯುತ್ತಾಳೆ. ಯಾವ ಭಾಷೆಯಲ್ಲಿ ಹೇಳಲಿ, ಟೈಪ್ ಮಾಡಿ ಕೊಡಲೇ?

ಇನ್ನು ನೆಲ ಹೊಡೆಯುವ ವಿಷಯ. ಮಗು ಬಿದ್ದರೆ ನೆಲಕ್ಕೆ ಹೊಡೆದು ಸಮಾಧಾನ ಮಾಡುವುದನ್ನು ನಾನು ಮೊದಲಿನಿಂದಲೂ ವಿರೋಧಿಸಿದವನೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆರೋಪಿಯ ಹೇಳಿಕೆಯಿಲ್ಲ, ಸಾಕ್ಷಿಯಿಲ್ಲ, ನೇರ ಶಿಕ್ಷೆ! ಇವತ್ತು ನೆಲಕ್ಕೆ ಹೊಡೆದು ಬೆಳೆದ ಮಗು ನಾಳೆ ಕುರ್ಚಿಯಲ್ಲಿ ಕೂತು ಕೆಳಗಿನವರ ಮೇಲೆ ತಪ್ಪು ಹೊರಿಸುತ್ತದೆ ಎಂದು ನಾನು ಪತ್ರಿಕೆಗೆ ಬರೆದದ್ದು ಅಚ್ಚಾಗಿತ್ತು, ಅರ್ಧ ಕತ್ತರಿಸಿ. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆಯನ್ನು ನಿನಗೆ ಮಗ್ಗಿಗಿಂತ ಮೊದಲು ಕಲಿಸಿದವನು ನಾನು. ನೀನು ಚಿಕ್ಕವಳಿದ್ದಾಗ ನಿನ್ನಮ್ಮ ನನ್ನೆದುರು ಕೈ ಕಟ್ಟಿಕೊಂಡಿದ್ದು ನಾನು ಆಫೀಸಿಗೆ ಹೋದ ಮೇಲೆ ಮಾತ್ರ ಬಿಚ್ಚುತ್ತಿದ್ದಳೆಂದು ಈಗ ತಿಳಿಯಿತು.

ಶನಿವಾರ ಬೆಳಿಗ್ಗೆ ಇಬ್ಬರು ಅಜ್ಜಿಯರೂ ಗೋಲಿಯ ಒಂದೊಂದು ಕೈ ಹಿಡಿದು ಬೀದಿಗಿಳಿದರು; ಒಬ್ಬರಿಗೆ ಪೂರ್ತಿ ಬಿಟ್ಟುಕೊಡಲು ಇನ್ನೊಬ್ಬರಿಗೆ ಮನಸ್ಸಿಲ್ಲ. ನಾನು ಮೇಲೆ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದೆ. ಕೆಳಗೆ ದರ್ಜಿಯ ಅಂಗಡಿಯ ಮುಂದೆ ಎದ್ದು ನಿಂತ ಹಾಸುಗಲ್ಲು ನೆನಪಿದೆಯಲ್ಲ? ನಿನ್ನ ಮುಂದಿನ ಹಾಲುಹಲ್ಲು ಬಿದ್ದ ವರ್ಷ ನೀರಿನ ಪೈಪು ಹಾಕಲು ಅಗೆದು, ಮತ್ತೆ ಮುಚ್ಚುವಾಗ ಆ ಕಲ್ಲನ್ನು ಓರೆಯಾಗಿ ಕೂರಿಸಿ ಹೋದರು. ಆಗಿನಿಂದ ನಗರಸಭೆಗೆ ನಾನು ಬರೆದ ಅರ್ಜಿಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಬೀದಿಯೇ ಸಮವಾಗುತ್ತಿತ್ತು. ಗೋಲಿ ಬೆಕ್ಕನ್ನು ಕಂಡಳು, ಎರಡೂ ಕೈ ಕೊಸರಿಕೊಂಡು ಓಡಿದಳು, ಆ ಕಲ್ಲಿಗೇ ಎಡವಿ ದಬಕ್ಕನೆ ಬಿದ್ದಳು.

ನಾನು ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಇಬ್ಬರು ಹೆಂಗಸರೂ ಬೀದಿಯಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದರು. ನಿನ್ನಮ್ಮ ಸೆರಗಿನಿಂದ ಮಗುವಿನ ತುಟಿ ಒತ್ತಿ ಹಿಡಿದು ಇನ್ನೊಂದು ಕೈಯಿಂದ ಕಲ್ಲಿಗೆ ಬಾರಿಸುತ್ತಿದ್ದಳು. ‘ನನ್ನ ಕಂದನ್ನ ಬೀಳಿಸ್ತೀಯಾ? ಬೀಳಿಸ್ತೀಯಾ? ತಗೋ!’ ಬೀಗಿತ್ತಿಯವರು ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡು, ತಮ್ಮ ಭಾಷೆಯಲ್ಲಿ, ಅದೇ ರಾಗದಲ್ಲಿ, ಅದೇ ತಾಳಕ್ಕೆ, ಕಲ್ಲಿಗೆ ಪಟಪಟನೆ ಹೊಡೆಯತೊಡಗಿದರು. ಗೋಲಿ ಅಳು ನಿಲ್ಲಿಸಿ ತಾನೂ ಒಂದು ಗುದ್ದಿದಳು.

ನಾನು ಸುಮ್ಮನಿರಬೇಕಿತ್ತು. ಕಲ್ಲಿನದೇನು ತಪ್ಪು, ಮಗುವಿಗೆ ನೋಡಿ ನಡೆಯುವುದನ್ನು ಕಲಿಸಬೇಕು ಎಂದುಬಿಟ್ಟೆ. ನಿನ್ನಮ್ಮ ತಲೆಯೆತ್ತಿ, ‘ನೋಡಿ ನಡೆಯೋಕೆ ಅದೇನು ನಿಮ್ಮ ಹಾಗೆ ರಿಟೈರ್ ಆಗಿದೆಯೇನ್ರೀ? ಕಲ್ಲು ಎದ್ದು ನಿಂತಿರೋದು ಕಾಣಿಸ್ತಿಲ್ವಾ?’ ಎಂದಳು. ಬೀಗಿತ್ತಿಯವರು ಚಪ್ಪಲಿಯನ್ನು ನನ್ನ ಕಡೆ ತೋರಿಸಿ ಏನೋ ಹೇಳಿದರು. ‘ಏನಂದ್ರು?’ ಎಂದು ಕೇಳಿದೆ. ‘ನಾನಂದಿದ್ದನ್ನೇ ಅಂದ್ರು’ ಎಂದಳು ನಿನ್ನಮ್ಮ, ಆಕೆಯ ಭಾಷೆಯಲ್ಲೇ ಹುಟ್ಟಿ ಬೆಳೆದವಳ ಹಾಗೆ.

ದರ್ಜಿ ಕುತ್ತಿಗೆಯಲ್ಲಿ ಟೇಪು ತೂಗಿಸಿಕೊಂಡು ಹೊರಬಂದ. ‘ಅಮ್ಮಾ, ನನ್ನ ಲೆಕ್ಕದಲ್ಲೂ ಒಂದು ಕೊಡಿ, ನನ್ನ ಗಿರಾಕಿಗಳ ಹೆಬ್ಬೆರಳೆಲ್ಲಾ ಇದೇ ತಿಂದಿರೋದು!’ ಎದುರು ಮನೆಯವರು ಬಂದರು. ಆ ದಾರಿಯಲ್ಲೇ ಹೊರಟಿದ್ದ ನಗರಸಭೆಯ ಮೇಸ್ತ್ರಿಯೊಬ್ಬ ಸೈಕಲ್ ನಿಲ್ಲಿಸಿ, ‘ಏನಿದು, ಪ್ರತಿಭಟನೇನಾ?’ ಎಂದ. ‘ಹೌದಪ್ಪಾ, ನೀನೂ ಬಾ, ನಿನಗೂ ಎರಡು ಇಟ್ಟಿದೀವಿ’ ಎಂದಳು ನಿನ್ನಮ್ಮ. ಅವನು ಆ ಚಪ್ಪಲಿ ನೋಡಿ ಮೆಲ್ಲಗೆ ಜೇಬಿನಿಂದ ಸೀಮೆಸುಣ್ಣ ತೆಗೆದು ಕಲ್ಲಿನ ಸುತ್ತ ಒಂದು ಗುರುತು ಹಾಕಿ ಹೋದ. ಇಷ್ಟು ವರ್ಷಗಳ ನನ್ನ ಅಚ್ಚುಕಟ್ಟಾದ ಅರ್ಜಿಗಳಿಗೆ ಒಂದು ಗುರುತೂ ಬಿದ್ದಿರಲಿಲ್ಲ. ಕಲ್ಲು ಇನ್ನೂ ಹಾಗೇ ಇದೆ ಅನ್ನು. ನಾನೂ ಬಿಡುವುದಿಲ್ಲ.

ಅಂದಿನಿಂದ ಮನೆಯಲ್ಲಿ ಶಾಂತಿ. ಟೋಪಿ ಈಗ ಅರ್ಧ ತಲೆಗೆ, ಕಿಟಕಿ ಅರ್ಧ ತೆರೆದು. ಸಂಜೆ ಇಬ್ಬರೂ ಬಾಲ್ಕನಿಯಲ್ಲಿ ಕೂತು, ಇವಳು ಇವಳ ಭಾಷೆಯಲ್ಲಿ, ಆಕೆ ಆಕೆಯ ಭಾಷೆಯಲ್ಲಿ, ಒಬ್ಬರ ಮಾತಿಗೊಬ್ಬರು ನಗುತ್ತಾರೆ. ನಗುವುದು ನನ್ನನ್ನು ನೋಡಿಯೇ ಎಂದು ನನ್ನ ಅನುಮಾನ. ನಿನ್ನ ಗಂಡ ಬಂದಾಗ ಕೇಳಿದೆ: ನಿಮ್ಮ ಕಡೆಯೂ ನೆಲಕ್ಕೆ ಹೊಡೆಯುತ್ತಾರೇನಪ್ಪ? ‘ನಮ್ಮಮ್ಮ ಹೊಡೆದೂ ಹೊಡೆದೂ ಮೇಜಿನ ಕಾಲು ಮುರಿದಿತ್ತು ಮಾವಾ’ ಎಂದ. ಆಗ ನೀನು ಬರೆದದ್ದು ನೆನಪಾಯಿತು. ಹೊಸ ಕಾಲು ಕಟ್ಟಿಕೊಂಡು ಹೆಜ್ಜೆಯಿಡುವಾಗ ಆಯ ತಪ್ಪಿ ಬಿದ್ದ ಮುದುಕನ ಹೆಂಡತಿ, ಯಾವ ದೇಶದವಳೋ ಏನೋ, ಅವನನ್ನು ಎತ್ತುವ ಮೊದಲು ಪಕ್ಕದ ಕಂಬಿಗೆ ಫಟ್ಟೆಂದು ಹೊಡೆದಳೆಂದು ಬರೆದಿದ್ದೆಯಲ್ಲ. ಓದಿ ಆಗ ನಕ್ಕಿದ್ದೆ. ಜಗತ್ತಿನ ಅಷ್ಟು ಮನೆಗಳಲ್ಲಿ ಅಷ್ಟು ಹೆಂಗಸರು, ಒಬ್ಬರನ್ನೊಬ್ಬರು ಕಾಣದೆ, ಒಂದೇ ಆರೋಪಿಗೆ ಒಂದೇ ಶಿಕ್ಷೆ ಕೊಡುತ್ತ ಬಂದಿದ್ದಾರೆಂದರೆ ಮೇಲ್ಮನವಿ ಹಾಕುವುದಕ್ಕೆ ನಾನ್ಯಾರು?

ಅದೇ ಕಲ್ಲಿಗೆ ನೀನೂ ಎಡವಿ ಬಿದ್ದಿದ್ದೆ, ನೆನಪಿದೆಯೇ? ಮಂಡಿ ಕಿತ್ತುಹೋಗಿತ್ತು. ಅಳಲಿಲ್ಲ. ಎದ್ದು ಲಂಗ ಕೊಡವಿಕೊಂಡು, ‘ನಾನೇ ನೋಡ್ಕೊಂಡು ನಡೀಬೇಕಿತ್ತು ಅಪ್ಪಾ’ ಎಂದೆ. ಅದನ್ನು ನಾನು ಆಫೀಸಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡು ಬೀಗಿದ್ದೆ. ಮೊನ್ನೆ ಫೋನಿನಲ್ಲಿ ಕೇಳಿದ್ದು ಅದೇ ದನಿ. ಗಾದೆ ಕಟ್ಟಿದವರು ಕುಣಿಯುವವಳನ್ನು ನೋಡಿದರೇ ಹೊರತು, ಬಗ್ಗಿ ನೆಲವನ್ನು ನೋಡಲಿಲ್ಲ ಎಂದು ಈ ವಯಸ್ಸಿನಲ್ಲಿ ನನಗೆ ಅನ್ನಿಸುತ್ತಿದೆ.

ಒಳಗೆ ಸದ್ದಾಗುತ್ತಿದೆ, ಗೋಲಿ ಎದ್ದಳೆಂದು ಕಾಣುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನಮ್ಮನ ಪ್ರೀತಿ, ನಿಮ್ಮತ್ತೆಯ ಪ್ರೀತಿ (ಅವರು ಈಗ ತಾನೇ ಬಾಗಿಲಲ್ಲಿ ಇಣುಕಿ ಕಾಗದವನ್ನೂ ತಮ್ಮ ಎದೆಯನ್ನೂ ತೋರಿಸಿದರು, ಬರೆಯಿರಿ ಎಂದರ್ಥ), ಗೋಲಿಯ ಎಂಜಲು ಮುತ್ತು, ಎಲ್ಲ ಇದರೊಳಗಿದೆ. ಬಿಚ್ಚುವಾಗ ಚೆಲ್ಲೀತು, ಜೋಪಾನ.

ನಿನ್ನ ಸಿಡುಕುಮೂತಿ
ಅಪ್ಪ

ತಾ.ಕ.: ತೀರ್ಪು ಬರೆಯುವುದೇ ಮರೆತೆ. ಕೋರ್ಸು ಬಿಟ್ಟು ಬರಬೇಡ. ಮುಗಿಸಿ ಬಾ. ಗೋಲಿಗೆ ನಾವಿದ್ದೇವೆ, ಎರಡು ಭಾಷೆಯಲ್ಲಿದ್ದೇವೆ. ಕೂಸಿರುವ ತಾಯಿಗೆ ನಿಮ್ಮ ಸಂಸ್ಥೆಯ ಹಾಸ್ಟೆಲಿನಲ್ಲಿ ಜಾಗವಿಲ್ಲ ಎಂದು ನಿಯಮ ಬರೆದವನು ಯಾವನೋ, ಎದ್ದು ನಿಂತ ಕಲ್ಲು ಅವನದು. ಎಡವಿದವಳ ತಪ್ಪೇನೂ ಇಲ್ಲ. ಲಕೋಟೆ ಅಂಟಿಸುವ ಮುಂಚೆ ಬೀದಿಗಿಳಿದು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಕಲ್ಲಿಗೆ ನಿನ್ನ ಹೆಸರಿನಲ್ಲಿ ಎರಡು ಏಟು ಕೊಟ್ಟು ಬಂದೆ. ಅಂಗೈ ಉರಿಯುತ್ತಿದೆ. ದರ್ಜಿ ನೋಡಿಬಿಟ್ಟ. ನೋಡಲಿ.