ಅಟ್ಟಕ್ಕೆ ಬಡಿದ ಫೈಬರ್

ಸಾಂತಾಕ್ರೂಜ್, ಮುಂಬಯಿ
ಫೆಬ್ರವರಿ 12, 2025

ಪ್ರೀತಿಯ ತಮ್ಮ ರೋಶನನಿಗೆ ಅಕ್ಕ ಶೀಲಾವತಿಯ ಆಶೀರ್ವಾದಗಳು, ಜೊತೆಗೆ ಸ್ವಲ್ಪ ಸಿಟ್ಟೂ.

ನಿನ್ನ ಸೊಂಟನೋವು ಹೇಗಿದೆ? ವಿಜೇತಾಳ ಹತ್ತಿರ ಎಣ್ಣೆ ಹಚ್ಚಿಸಿಕೊಳ್ಳುತ್ತೀಯಾ, ಇಲ್ಲ ಅದಕ್ಕೂ ಪುರುಸೊತ್ತಿಲ್ಲ ಎಂದು ಮಲ್ಪೆಯ ಶೆಡ್ಡಿನಲ್ಲಿ ದೋಣಿ ಮಾಡುತ್ತಲೇ ಇದ್ದೀಯಾ? ನಾವು ಚೆನ್ನಾಗಿದ್ದೇವೆ ಎಂದು ಬರೆಯಲೆಂದೇ ಕುಳಿತೆ, ಆದರೆ ನಿನ್ನ ಭಾವ ಬಿಡಬೇಕಲ್ಲ! ಫೋನಿನಲ್ಲಿ ಈ ವಿಷಯ ಎತ್ತಿದರೆ ಸಾಕು, ನಿನ್ನ ನೆಟ್‌ವರ್ಕ್ ಹೋಗುತ್ತದೆ. ಅದಕ್ಕೇ ಊರಿಗೆ ಹೊರಟಿರುವ ಪಕ್ಕದ ಮನೆಯ ರಂಜನಾಳ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ಅವಳೆದುರೇ ಓದು.

ಮಳೆಗಾಲದಲ್ಲಿ ನಮ್ಮ ಹೋಟೆಲಿನ ಅಟ್ಟ ಸೋರುತ್ತದೆ ಎಂದು ಭಾವ ಹೇಳಿದ್ದೇ ತಡ, ನೀನು ದೋಣಿಗೆ ಹಾಕುವ ಫೈಬರ್ ಹಲಗೆಗಳನ್ನೇ ಲಾರಿಯಲ್ಲಿ ಕಳಿಸಿದೆ. ಗೋಡೆಗೂ ಮೇಲಿನ ಮಾಡಿಗೂ ಬಡಿದು ಕೂರಿಸಿದೆವು. ಸೋರುವುದು ನಿಂತಿತು, ಒಪ್ಪುತ್ತೇನೆ. ಆದರೆ ಆ ಅಟ್ಟ ಇರುವುದು ಅಡುಗೆಮನೆಯ ಮೇಲೆ ಮಾರಾಯ. ಕೆಳಗೆ ದಿನವಿಡೀ ದೋಸೆಕಾವಲಿಯ ಒಲೆ, ಮೇಲೆ ಅಡುಗೆಯ ಕಾಂತಪ್ಪ ಮತ್ತು ಉಳಿದ ಕೆಲಸದವರು ಮಲಗುವುದು. ಇಳಿಯಲು ಒಂದೇ ಏಣಿ, ಅದೂ ಒಲೆಯ ಪಕ್ಕ. ಕಳೆದ ವಾರ ಎದುರು ಗಲ್ಲಿಯ ಅಂಗಡಿಯ ಫೈಬರ್ ಬೋರ್ಡಿಗೆ ಬೆಂಕಿ ಹತ್ತಿ, ಕಪ್ಪು ಹೊಗೆಯಲ್ಲಿ ಅರ್ಧ ಗಲ್ಲಿಯೇ ಕಾಣದಾಯಿತು. ಆವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಭಾವನಿಗೆ ಹೇಳಿದರೆ, "ಎಂತ ಉರಿಯುವುದು ಮಾರಾಯ್ತಿ? ಅದು ಗಾಜಿನ ನಾರು ಅಂತ ನಿನ್ನ ತಮ್ಮನೇ ಹೇಳಿದ್ದಲ್ವಾ? ಗಾಜು ಉರಿಯುವುದುಂಟಾ?" ಸರಿ, ಉಳಿದಿದ್ದ ತುಂಡೊಂದನ್ನು ಹೋಟೆಲಿನ ಹಿಂದೆ ಒಯ್ದು ಅವರ ಕಣ್ಣೆದುರೇ ಮೇಣದಬತ್ತಿ ಹಿಡಿದೆ. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಹತ್ತಿಕೊಂಡದ್ದು, ಬತ್ತಿ ತೆಗೆದರೂ ಆರಲಿಲ್ಲ. ನಾರು ಬಿಳಿ ಬಟ್ಟೆಯ ಹಾಗೆ ಉಳಿಯಿತು, ಅದನ್ನು ಹಿಡಿದಿಟ್ಟಿದ್ದ ರೆಸಿನ್ ಅಂಟು ಉರಿದು ಹೊಗೆಯಾಗಿ ಹೋಯಿತು. ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡ ನಿನ್ನ ಭಾವ ಹೇಳಿದ್ದೇನು ಗೊತ್ತಾ? "ನೋಡು, ಗಾಜು ಉರಿಯಲಿಲ್ಲ!" ಇಂಥವರ ಜೊತೆ ಹೇಗೆ ಸಂಸಾರ ಮಾಡುವುದು, ನೀನೇ ಹೇಳು.

ಬೆಂಕಿ ತಡೆಯುವ ರೆಸಿನ್ ಬೇರೆಯೇ ಇರುತ್ತದಂತೆ. ನೀನು ಹಾಕಿದ್ದು ಅದಲ್ಲ, ದೋಣಿಯದ್ದೇ ಎಂದು ನನಗೂ ಗೊತ್ತು, ನಿನಗೂ ಗೊತ್ತು. ನೀರಿಗಾಗಿ ಮಾಡಿದ್ದನ್ನು ಒಲೆಯ ಮೇಲೆ ಬಡಿಯಬಾರದಿತ್ತು ಎಂದು ಬಾಯಿಬಿಟ್ಟು ಹೇಳಲು ನಿನಗೇನು ಧಾಡಿ? ಭಾವನ ಮುಂದೆ ಮರ್ಯಾದೆ ಹೋಗುತ್ತದೆಂದಾ? ಕೆಲಸದವರನ್ನೆಲ್ಲ ನಮ್ಮ ಮನೆಯ ಹಾಲಿನಲ್ಲಿ ಮಲಗಿಸಿದ್ದೇನೆ. ಕಾಂತಪ್ಪನ ಗೊರಕೆಗೆ ನನಗೆ ನಿದ್ದೆಯಿಲ್ಲ, ಆದರೂ ಅದು ಕೇಳಿಸುತ್ತಿದ್ದರೆ ಒಂದು ಸಮಾಧಾನ.

ಅಮ್ಮನ ಕಾಲಿಗೆ ನನ್ನ ಪರವಾಗಿ ನಮಸ್ಕರಿಸು. ವಿಜೇತಾಳಿಗೆ ನನ್ನ ನೆನಪು ಹೇಳು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ನಿನಗೆ ಸ್ವಲ್ಪ ಧೈರ್ಯವನ್ನೂ ಕೊಡಲಿ.

ನಿನ್ನ ಅಕ್ಕ,
ಶೀಲಾವತಿ

ತಾ.ಕ.: ರಂಜನಾ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ನಿನ್ನ ಫೈಬರನ್ನು ಅನುಮಾನಿಸಿದೆನೆಂದು ಭಾವ ಚಾಪೆ, ದಿಂಬು ಹಿಡಿದು ತಾವೇ ಅಟ್ಟ ಹತ್ತಿದ್ದಾರೆ. ಮೊನ್ನೆ ಸೋಮವಾರದಿಂದ ಅಲ್ಲೇ ಮಲಗುವುದು. "ರೋಶನ್ ಬೇಡ ಅಂದರೆ ಇಳಿಯುತ್ತೇನೆ" ಅನ್ನುತ್ತಾರೆ. ಮಲಗಿದರೆ ಅಲುಗಾಡಿಸಿದರೂ ಏಳದ ಮನುಷ್ಯ. ಇದನ್ನು ಓದಿದ ಕೂಡಲೇ ಫೋನ್ ಮಾಡಿ ಬೇಡ ಅನ್ನು. ಬೈಯಲಿಕ್ಕಾದರೂ ನನಗೆ ಅವರು ಬೇಕು ತಮ್ಮಾ.